ಉಸಿರಿನ ಸದ್ದು ಕೇಳಿ ಸ್ಲೀಪ್ ಆಪ್ನಿಯಾದ ಬಗೆ ಗುರುತಿಸುವುದು ಹೇಗೆ: ಫೋನ್ ಇಡುವುದರಿಂದ ವೈದ್ಯರ ಕೈಗೆ ಕೊಡುವವರೆಗೆ

ನಿದ್ರಾ ಪರೀಕ್ಷೆ ನಡೆಸುವ ಜಾಗದಲ್ಲಿ ನನ್ನದು ರಾತ್ರಿಪಾಳಿ. ಪರೀಕ್ಷೆಗೆ ಬರುವವರ ಜೊತೆ ಹೆಂಡತಿಯೋ ಗಂಡನೋ ಮಗಳೋ ಇರುತ್ತಾರೆ, ಅವರ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಇರುತ್ತದೆ. "ಕೇಳಿ ಸಾರ್, ಎಂಥ ಗೊರಕೆ ಅಂತ" ಎನ್ನುತ್ತಾರೆ. ಕೇಳುತ್ತೇನೆ. ಮಂಚ ಅದುರಿಸುವಂಥ ಗೊರಕೆಯೇ ಇರುತ್ತದೆ, ಆದರೆ ನನಗೆ ಬೇಕಾದದ್ದು ಇರುವುದಿಲ್ಲ. ನನಗೆ ಬೇಕಾದದ್ದು ಗೊರಕೆ ನಿಂತು ಮತ್ತೆ ಶುರುವಾಗುವ ನಡುವಿನ ಹೊತ್ತು. ಅದನ್ನು ಆ್ಯಪ್ ಕತ್ತರಿಸಿ ಎಸೆದಿರುತ್ತದೆ, ಇಲ್ಲವೇ ಫ್ಯಾನಿನ ಸದ್ದು ನುಂಗಿ ಹಾಕಿರುತ್ತದೆ.

ಈ ಬರಹ ಅದಕ್ಕೇ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಿದವರು ಬಗೆ ತಪ್ಪಾಗಿ ಬರೆದುಕೊಂಡು ಬರುತ್ತಾರೆ.

ಸದ್ದು ಏನು ಹೇಳುತ್ತದೆ, ಎಲ್ಲಿ ಕೈಕೊಡುತ್ತದೆ

ವಯಸ್ಕರಲ್ಲಿ ಉಸಿರಿನ ಹರಿವು ಕನಿಷ್ಠ 10 ಸೆಕೆಂಡ್ ಹೆಚ್ಚುಕಡಿಮೆ ಪೂರ್ತಿ ನಿಂತರೆ ಅದು ಆಪ್ನಿಯಾ. ಪೂರ್ತಿ ನಿಲ್ಲದೆ ಕುಗ್ಗಿ, ಅದರಿಂದ ಆಮ್ಲಜನಕ ಇಳಿದರೆ ಅಥವಾ ನಿದ್ದೆ ಮುರಿದರೆ ಹೈಪಾಪ್ನಿಯಾ.

ಉಸಿರು ನಿಲ್ಲುವುದು ಎರಡು ರೀತಿಯಲ್ಲಿ. ಒಂದು, ಗಂಟಲು ಮುಚ್ಚಿಕೊಂಡಿರುತ್ತದೆ. ಎದೆಯೂ ವಪೆಯೂ ಎಳೆಯುತ್ತಲೇ ಇರುತ್ತವೆ, ಗಾಳಿ ಒಳಗೆ ಹೋಗುವುದಿಲ್ಲ. ಇದು ಅಬ್‌ಸ್ಟ್ರಕ್ಟಿವ್, ಅಂದರೆ ಅಡಚಣೆಯ ಆಪ್ನಿಯಾ. ಇನ್ನೊಂದರಲ್ಲಿ ಉಸಿರೆಳೆಯಲು ಮಿದುಳಿನಿಂದ ಅಪ್ಪಣೆಯೇ ಬಂದಿರುವುದಿಲ್ಲ. ಎದೆ ಸುಮ್ಮನೆ ಇರುತ್ತದೆ. ಇದು ಸೆಂಟ್ರಲ್ ಆಪ್ನಿಯಾ. ಒಂದೇ ಸಲದ ನಿಲುಗಡೆಯಲ್ಲಿ ಮೊದಲು ಸೆಂಟ್ರಲ್, ಆಮೇಲೆ ಅಡಚಣೆ ಕಾಣಿಸಿದರೆ ಮಿಶ್ರ.

ತೊಡಕು ಏನೆಂದರೆ, ಉಸಿರು ನಿಂತ ಹೊತ್ತಿನಲ್ಲಿ ಎರಡೂ ಕಡೆ ಕೇಳಿಸುವುದು ಮೌನವೇ. ಆ ಮೌನ ಎಷ್ಟು ಉದ್ದ ಎಂಬುದರಿಂದ ಬಗೆ ತಿಳಿಯುವುದಿಲ್ಲ. ಮೌನಕ್ಕೆ ಮುಂಚಿನ ನಾಲ್ಕೈದು ಉಸಿರು, ಮೌನ ಒಡೆಯುವ ಮೊದಲ ಉಸಿರು, ಮೌನದ ಹೊತ್ತಿನಲ್ಲಿ ಎದೆ ಹೊಟ್ಟೆ ಏನು ಮಾಡುತ್ತಿದ್ದವು ಎಂಬುದು, ಈ ಮೂರನ್ನೂ ಕೂಡಿಸಿ ಊಹಿಸಬೇಕು. ಊಹೆ ಅಂದೆ, ರೋಗನಿರ್ಣಯ ಅನ್ನಲಿಲ್ಲ. ಲ್ಯಾಬಿನಲ್ಲಿ ನಾವೂ ಸದ್ದನ್ನು ನಂಬಿ ಬಗೆ ಬರೆಯುವುದಿಲ್ಲ. ಎದೆಗೊಂದು ಹೊಟ್ಟೆಗೊಂದು ಬೆಲ್ಟ್ ಕಟ್ಟಿ, ಮೂಗಿನ ಬಳಿ ಗಾಳಿಯ ಹರಿವು ಅಳೆದ ಮೇಲೆಯೇ ಬರೆಯುತ್ತೇವೆ. ನಿಮ್ಮ ರೆಕಾರ್ಡಿಂಗಿನಿಂದ ಆಗುವ ಉಪಕಾರ ಬೇರೆ: ಪರೀಕ್ಷೆ ಬೇಕೇ, ಎಷ್ಟು ಬೇಗ ಬೇಕು, ಗಂಟಲಿನ ಕಡೆ ನೋಡಬೇಕೋ ಹೃದಯದ ಕಡೆಯೋ ಎಂದು ವೈದ್ಯರಿಗೆ ದಾರಿ ತೋರಿಸುತ್ತದೆ.

ಬೇಕಾಗುವ ಸಾಮಾನು

ಸತತವಾಗಿ ರೆಕಾರ್ಡ್ ಮಾಡುವ ಒಂದು ಫೋನ್, ಸಾಧ್ಯವಾದರೆ ವಿಡಿಯೊಗೆ ಇನ್ನೊಂದು. ಮಂದ ಬೆಳಕಿನ ದೀಪ. ತಿಳಿ ಬಣ್ಣದ ಅಂಟುಪಟ್ಟಿಯ ಎರಡು ತುಂಡು. ಸೆಕೆಂಡ್ ತೋರಿಸುವ ಗಡಿಯಾರ. ಬರೆದುಕೊಳ್ಳಲು ಪುಸ್ತಕ, ಕೇಳಲು ಹೆಡ್‌ಫೋನ್. ಫೋನಿನ ಸ್ಪೀಕರಿನಲ್ಲಿ ಮೆಲ್ಲನೆಯ ಉಸಿರು ಕೇಳಿಸುವುದೇ ಇಲ್ಲ, ಹಾಗಾಗಿ ಹೆಡ್‌ಫೋನ್ ಇಲ್ಲದೆ ಕೂರಬೇಡಿ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ಬೇಕು: ಮಲಗುವವರ ಒಪ್ಪಿಗೆ. ಹೇಳದೆ ರೆಕಾರ್ಡ್ ಮಾಡಿ, ಮರುದಿನ ಎಲ್ಲರ ಮುಂದೆ ಕೇಳಿಸಿ ನಕ್ಕರೆ, ಆಮೇಲೆ ಅವರು ಪರೀಕ್ಷೆಗೆ ಬರುವುದಿಲ್ಲ. ಇದನ್ನು ಹಲವು ಸಲ ಕಂಡಿದ್ದೇನೆ.

ಹಂತ 1: ಫೋನ್ ಮೌನವನ್ನು ಕತ್ತರಿಸದಂತೆ ನೋಡಿಕೊಳ್ಳಿ

ಗೊರಕೆ ಹಿಡಿಯುವ ಎಷ್ಟೋ ಆ್ಯಪ್‌ಗಳು ಸದ್ದಾದಾಗ ಮಾತ್ರ ರೆಕಾರ್ಡ್ ಮಾಡುತ್ತವೆ. ಜಾಗ ಉಳಿಸಲು ಅದು ಜಾಣತನ, ನಮ್ಮ ಕೆಲಸಕ್ಕೆ ಮಾತ್ರ ಮಾರಕ. 25 ಸೆಕೆಂಡಿನ ನಿಲುಗಡೆ ಕಳಚಿಹೋಗಿ, ಎರಡು ಗೊರಕೆ ಒಂದಕ್ಕೊಂದು ಅಂಟಿಕೊಂಡು ಕೇಳಿಸುತ್ತದೆ. ಫೋನಿನ ಜೊತೆಗೇ ಬರುವ ಸಾದಾ ವಾಯ್ಸ್ ರೆಕಾರ್ಡರ್ ಸಾಕು. ಸೆಟ್ಟಿಂಗಿನಲ್ಲಿ ‘ಮೌನ ಬಿಡು’, ‘ಗದ್ದಲ ತಗ್ಗಿಸು’ ಎಂಬ ಅರ್ಥದ ಆಯ್ಕೆಗಳಿದ್ದರೆ ಆಫ್ ಮಾಡಿ. ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಯ್ಕೆಯನ್ನೂ ಆಫ್ ಮಾಡಿ. ಅದು ಮೆಲ್ಲನೆಯ ಉಸಿರನ್ನು ಜೋರಾಗಿಸಿ, ಜೋರನ್ನು ತಗ್ಗಿಸಿ, ಉಸಿರಿನ ಏರಿಳಿತವನ್ನೇ ಅಳಿಸಿಬಿಡುತ್ತದೆ. ಆ ಏರಿಳಿತ ಐದನೇ ಹಂತದಲ್ಲಿ ಬೇಕು.

ಜಾಗದ ಲೆಕ್ಕ ಹೀಗಿದೆ: ಸಂಕುಚಿತಗೊಳಿಸದ ವೇವ್ ಫೈಲ್, ಒಂದೇ ಚಾನೆಲ್, ನಿಮಿಷಕ್ಕೆ ಸುಮಾರು 5 ಎಂಬಿ. 8 ಗಂಟೆಗೆ ಎರಡೂವರೆ ಜಿಬಿ ಬೇಕು. ಅಷ್ಟಿಲ್ಲದಿದ್ದರೆ ಸಂಕುಚಿತ ಫೈಲೇ ಆಗಲಿ, 64 ಕೆಬಿಪಿಎಸ್‌ನಲ್ಲಿ ಇಡೀ ರಾತ್ರಿ 230 ಎಂಬಿಯಲ್ಲಿ ಮುಗಿಯುತ್ತದೆ.

ಈಗ ಪರೀಕ್ಷೆ ಮಾಡಿ. ರೆಕಾರ್ಡ್ ಒತ್ತಿ ಹಾಸಿಗೆ ಮೇಲೆ ಮಲಗಿ, ನಾಲ್ಕು ಉಸಿರು ಎಳೆದು, ಗಡಿಯಾರ ನೋಡುತ್ತ 15 ಸೆಕೆಂಡ್ ಉಸಿರು ಹಿಡಿದು, ಮತ್ತೆ ಉಸಿರಾಡಿ. ಕೇಳಿದಾಗ ಆ 15 ಸೆಕೆಂಡ್ 15 ಸೆಕೆಂಡಾಗಿಯೇ ಇದೆಯೇ? ಅದರ ಎರಡೂ ಬದಿಯ ಸಾದಾ ಉಸಿರು ಕಿವಿಗೆ ಬೀಳುತ್ತಿದೆಯೇ? ಎರಡಕ್ಕೂ ಹೌದು ಅನ್ನಿಸದೆ ಮುಂದೆ ಹೋಗಬೇಡಿ. ಬೆಳಗ್ಗೆ ಇನ್ನೊಂದು ತಾಳೆ: 11ಕ್ಕೆ ಶುರು ಮಾಡಿ 6ಕ್ಕೆ ನಿಲ್ಲಿಸಿದ ಫೈಲ್ 7 ಗಂಟೆ ಇರಬೇಕು. ಮೂರೇ ಗಂಟೆ ಇದ್ದರೆ ಉಳಿದದ್ದನ್ನು ಕತ್ತರಿಸಿದೆ ಎಂದೇ ಅರ್ಥ.

ಹಂತ 2: ಜಾಗ ಮತ್ತು ರಾತ್ರಿ

ಮುಖದಿಂದ ಅರ್ಧ ಮೀಟರಿನಿಂದ ಒಂದು ಮೀಟರ್ ದೂರ, ಹಾಸಿಗೆಯ ಎತ್ತರಕ್ಕೆ, ಮೈಕ್ ಮುಖದ ಕಡೆಗೆ. ದಿಂಬಿನ ಕೆಳಗೆ ಬೇಡವೇ ಬೇಡ: ಬಟ್ಟೆಯ ಸರಬರ ಬಿಟ್ಟು ಬೇರೇನೂ ಸಿಗುವುದಿಲ್ಲ, ಚಾರ್ಜಿಗೆ ಹಾಕಿದ ಫೋನ್ ಅಲ್ಲಿ ಬಿಸಿಯೂ ಆಗುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ನಡುರಾತ್ರಿಯ ಒಂದು ಕರೆ ರೆಕಾರ್ಡಿಂಗ್ ನಿಲ್ಲಿಸುತ್ತದೆ. ಫ್ಯಾನ್ ಇಲ್ಲದೆ ಆಗುವುದಿಲ್ಲ ಎಂದರೆ ಅದರ ಗಾಳಿ ಮೈಕಿಗೆ ನೇರ ಬೀಳದಂತೆ ಫೋನ್ ಸರಿಸಿ. ಕೋಣೆಯಲ್ಲಿ ಇನ್ನೊಬ್ಬರೂ ಗೊರಕೆ ಹೊಡೆಯುವವರಾದರೆ ಆ ರಾತ್ರಿ ಅವರಿಗೆ ಬೇರೆ ಕೋಣೆ.

ಒಂದು ರಾತ್ರಿ ಸಾಲದು, ಮೂರು ಮಾಡಿ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರುವುದರಿಂದ ಅಡಚಣೆ ಹೆಚ್ಚು. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ ರಾತ್ರಿಯ ಕಥೆಯೇ ಬೇರೆ. ಹಾಗಾಗಿ ಪ್ರತಿ ರಾತ್ರಿಯ ಪುಟದ ತಲೆಯಲ್ಲಿ ಭಂಗಿ, ಕುಡಿತ, ಮಾತ್ರೆ, ಮೂಗಿನ ಸ್ಥಿತಿ ಇಷ್ಟನ್ನು ಬರೆಯಿರಿ. ರೆಕಾರ್ಡಿಂಗಿಗೆ ಬೇಕೆಂದು ನಿದ್ದೆ ಮಾತ್ರೆಯನ್ನಾಗಲಿ ಬೇರೆ ಔಷಧವನ್ನಾಗಲಿ ತಾವೇ ನಿಲ್ಲಿಸುವುದು ಬೇಡ. ಬರೆದಿಟ್ಟರೆ ಸಾಕು.

ಹಂತ 3: ಇಪ್ಪತ್ತು ನಿಮಿಷ ಕಣ್ಣಾರೆ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಮಲಗುವ ಮುಂಚೆ ಅಂಗಿಯ ಮೇಲೆ ಎದೆಯ ನಡುವೆ ಒಂದು, ಹೊಕ್ಕಳ ಬಳಿ ಒಂದು ಅಂಟುಪಟ್ಟಿ ಹಚ್ಚಿ. ದಪ್ಪ ಹೊದಿಕೆಯನ್ನು ಸೊಂಟದವರೆಗೆ ಇಳಿಸಿ. ನಿದ್ದೆ ಹತ್ತಿ ಒಂದು ಗಂಟೆ ಕಳೆದ ಮೇಲೆ ಮಂದ ಬೆಳಕಿನಲ್ಲಿ ಪಕ್ಕದಿಂದ ನೋಡಿ. ಎಚ್ಚರವಿರಲು ಆಗದವರು ಎರಡನೇ ಫೋನಿನಲ್ಲಿ ವಿಡಿಯೊ ಇಡಿ. ಸಾಧ್ಯವಾದರೆ ಬೆಳಗಿನ ಜಾವವೂ ಒಮ್ಮೆ ನೋಡಿ. ಕನಸಿನ ನಿದ್ದೆ ಆ ಹೊತ್ತಿನಲ್ಲೇ ಹೆಚ್ಚು, ಅಡಚಣೆಯ ನಿಲುಗಡೆಗಳು ಆಗಲೇ ಉದ್ದವಾಗುತ್ತವೆ.

ಸಾಮಾನ್ಯ ಉಸಿರಿನಲ್ಲಿ ಎರಡೂ ಪಟ್ಟಿ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ಗಂಟಲು ಮುಚ್ಚಿದ್ದರೆ ಸದ್ದಿಲ್ಲದಿದ್ದರೂ ಪಟ್ಟಿಗಳು ಆಡುತ್ತಲೇ ಇರುತ್ತವೆ, ಅದೂ ತಕ್ಕಡಿಯಂತೆ: ಹೊಟ್ಟೆ ಮೇಲೆದ್ದಾಗ ಎದೆ ಒಳಕ್ಕೆ ಕುಸಿಯುತ್ತದೆ. ಕತ್ತಿನ ಬುಡದ ಗುಳಿ ಒಳಕ್ಕೆ ಎಳೆಯುವುದೂ ಕಾಣಬಹುದು. ಸೆಂಟ್ರಲ್ ಆದರೆ ಎರಡೂ ಪಟ್ಟಿ ಅಲುಗದೆ ನಿಂತಿರುತ್ತವೆ. ಮೊದಲ ಸಲ ನೋಡಿದವರು ಹೆದರುವುದು ಇದಕ್ಕೇ.

ಕೈ ಇಟ್ಟು ನೋಡಬೇಡಿ. ಮುಟ್ಟಿದರೆ ನಿದ್ದೆ ಹಗುರಾಗಿ ಉಸಿರಿನ ಲಯ ಬದಲಾಗುತ್ತದೆ. ಹಸುಗೂಸುಗಳಿಗೆ ಈ ಅಳತೆ ಹಿಡಿಯಬೇಡಿ. ತೀರ ಚಿಕ್ಕ ಮಕ್ಕಳಲ್ಲಿ ಕನಸಿನ ನಿದ್ದೆಯ ಹೊತ್ತಿಗೆ ಎದೆ ಹೊಟ್ಟೆ ಎದುರುಬದುರಾಗಿ ಆಡುವುದು ಸಹಜವೇ.

ಹಂತ 4: ಬೆಳಗ್ಗೆ ಕೇಳುವ ಕ್ರಮ

ಇಡೀ ಏಳು ಗಂಟೆ ಕೂತು ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ಅಲೆಯ ಚಿತ್ರ ತೋರಿಸುವ ಯಾವುದಾದರೂ ಆಡಿಯೊ ಎಡಿಟರಿನಲ್ಲಿ ಫೈಲ್ ತೆರೆಯಿರಿ. ಗೊರಕೆ ದಪ್ಪ ಗೊಂಚಲಾಗಿ, ನಿಲುಗಡೆ ತೆಳು ಗೆರೆಯಾಗಿ ಕಾಣುತ್ತದೆ. ನಿದ್ದೆ ಹತ್ತುವ ಮೊದಲ ಕಾಲು ಗಂಟೆ ಬಿಟ್ಟುಬಿಡಿ, ಎಚ್ಚರದಿಂದ ನಿದ್ದೆಗೆ ಜಾರುವಾಗ ಒಂದೆರಡು ನಿಲುಗಡೆ ಆರೋಗ್ಯವಂತರಲ್ಲೂ ಬರುತ್ತವೆ. ಮಗ್ಗುಲು ಬದಲಿಸಿದ ತಕ್ಷಣದ್ದು, ದೊಡ್ಡ ನಿಟ್ಟುಸಿರಿನ ಬೆನ್ನಿಗೆ ಬಂದದ್ದು, ಇವನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ರಾತ್ರಿಯ ಮೊದಲ ಭಾಗ, ನಡು, ಕೊನೆ, ಮೂರರಿಂದಲೂ ಐದೈದು ನಿಲುಗಡೆ ಆರಿಸಿ. ಪ್ರತಿಯೊಂದಕ್ಕೂ ಒಂದು ನಿಮಿಷ ಹಿಂದಿನಿಂದ ಕೇಳಲು ಶುರುಮಾಡಿ, ಒಂದು ನಿಮಿಷ ಮುಂದಿನವರೆಗೆ ಬಿಡಬೇಡಿ. ‘ಮುಂಚೆ, ನಡುವೆ, ನಂತರ’ ಎಂದು ಮೂರು ಕಾಲಂ ಹಾಕಿ ಕೇಳಿದ್ದನ್ನಷ್ಟೇ ಬರೆಯಿರಿ. ಬಗೆಯ ಹೆಸರು ಈಗಲೇ ಬರೆಯಬೇಡಿ. ಹೆಸರು ಬರೆದ ಮೇಲೆ ಕಿವಿಯೂ ಅದನ್ನೇ ಕೇಳತೊಡಗುತ್ತದೆ.

ಒಂದು ಮಾದರಿ ನೋಡಿ:

2:41:10 – ಗೊರಕೆ. ಒಂದೊಂದೂ ಹಿಂದಿನದಕ್ಕಿಂತ ಬಿಗಿ.
2:41:32 – ಗಕ್ಕನೆ ನಿಂತಿತು.
2:41:32ರಿಂದ 2:41:58 – ಗಾಳಿಯ ಸದ್ದಿಲ್ಲ. ನಾಲ್ಕು ಸೆಕೆಂಡಿಗೊಮ್ಮೆ ಬಟ್ಟೆಯ ಸರಬರ. ಗಂಟಲಲ್ಲಿ ಎರಡು ಸಲ ಸಣ್ಣ ‘ಕಳಕ್’.
2:41:58 – ಜೋರಾಗಿ ‘ಗ್ರಕ್’. ಬಾಯಲ್ಲಿ ಮೂರು ದೊಡ್ಡ ಉಸಿರು. ಕಾಲು ಒದರಿದ ಸದ್ದು.
2:42:09 – ಗೊರಕೆ ಮತ್ತೆ ಶುರು.

26 ಸೆಕೆಂಡಿನ ಈ ಮೌನದಲ್ಲಿ ನನ್ನ ಕಿವಿ ನಿಮಿರಿದ್ದು ಬಟ್ಟೆಯ ಸರಬರಕ್ಕೆ. ಗಾಳಿ ಹೋಗದಿದ್ದರೂ ಲಯ ತಪ್ಪದೆ ಬಟ್ಟೆ ಅಲುಗುತ್ತಿದೆ ಎಂದರೆ ಒಳಗೆ ಎದೆ ಎಳೆದಾಡುತ್ತಿದೆ. ವಿಡಿಯೊ ಇಲ್ಲದವರಿಗೆ ಇದೊಂದೇ ಸಾಕ್ಷಿ.

ಹಂತ 5: ಬಗೆಯನ್ನು ಬೇರ್ಪಡಿಸಿ

*ಅಡಚಣೆಯದು.* ಮುಂಚೆ: ಗೊರಕೆ ಬರಬರುತ್ತ ಬಿಗಿಯಾಗುತ್ತದೆ, ಕೊನೆಯ ಒಂದೆರಡು ಉಸಿರು ಹಿಂಡಿ ತೆಗೆದಂತೆ ಕೇಳಿಸುತ್ತವೆ. ನಡುವೆ: ಮೌನ, ಅದರೊಳಗೆ ಪ್ರಯತ್ನದ ಸಣ್ಣ ಸದ್ದುಗಳು. ನಂತರ: ಸ್ಫೋಟ. ಗಕ್ಕನೆ ಗುಟುರು ಹಾಕಿದಂತೆ ಉಸಿರು ಒಳನುಗ್ಗಿ, ನಾಲ್ಕಾರು ಏದುಸಿರು, ಮತ್ತೆ ಗೊರಕೆ. ಮಿದುಳು ಕ್ಷಣಮಾತ್ರ ಎಚ್ಚೆತ್ತು ಗಂಟಲು ತೆರೆಸುವುದು ನಿಲುಗಡೆಯ ಕೊನೆಯಲ್ಲೇ, ಆದ್ದರಿಂದ ಅಲ್ಲೇ ಗದ್ದಲ. ಮಲಗಿದವರಿಗೆ ಇದು ನೆನಪಿರುವುದಿಲ್ಲ. "ನಾನು ರಾತ್ರಿಯೆಲ್ಲ ಚೆನ್ನಾಗಿ ಮಲಗಿದ್ದೆ" ಎಂದು ಅವರು ಹೇಳುವುದು ಸುಳ್ಳಲ್ಲ, ಅವರ ಮಟ್ಟಿಗೆ ಅದು ನಿಜವೇ. ಅಂಗಾತ ಮಲಗಿದಾಗ ಹೆಚ್ಚಿ, ಮಗ್ಗುಲಾದಾಗ ಕಡಿಮೆಯಾದರೆ ಈ ಊಹೆಗೆ ಬಲ ಬರುತ್ತದೆ.

*ಸೆಂಟ್ರಲ್, ಏರಿಳಿತದ ಬಗೆ.* ಚೇನ್-ಸ್ಟೋಕ್ಸ್ ಉಸಿರಾಟ ಎನ್ನುವುದು ಇದನ್ನೇ. ಯಾರೋ ದೂರದಿಂದ ನಡೆದು ಬಂದು, ಬಾಗಿಲ ಮುಂದೆ ಹಾದು, ಮತ್ತೆ ದೂರ ಹೋದಂತೆ ಉಸಿರು ಮೆಲ್ಲಗೆ ಶುರುವಾಗಿ, ಒಂದೊಂದಾಗಿ ಆಳವಾಗಿ, ತುದಿ ಮುಟ್ಟಿ, ಅದೇ ಕ್ರಮದಲ್ಲಿ ತೆಳುವಾಗುತ್ತ ನಿಲ್ಲುತ್ತದೆ. ನಿಂತಾಗ ಬಟ್ಟೆಯೂ ಅಲುಗುವುದಿಲ್ಲ. ಮರಳುವಾಗ ಗುಟುರಿಲ್ಲ, ಮೊದಲ ಉಸಿರು ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ. ಇಲ್ಲಿ ನಿದ್ದೆ ಮುರಿಯುವುದು ಉಸಿರು ತುದಿ ಮುಟ್ಟಿದಾಗ, ನಿಲುಗಡೆ ಮುಗಿದಾಗ ಅಲ್ಲ. ಹೊರಳಾಟದ ಸದ್ದು ಎಲ್ಲಿ ಬಿತ್ತು ಎಂದು ನೋಡಿದರೆ ಎರಡು ಬಗೆಗಳ ವ್ಯತ್ಯಾಸ ಹಿಡಿಯಬಹುದು.

ಒಂದು ನಿಲುಗಡೆಯ ಆರಂಭದಿಂದ ಮುಂದಿನ ನಿಲುಗಡೆಯ ಆರಂಭದವರೆಗೆ ಎಷ್ಟು ಸೆಕೆಂಡ್ ಎಂದು ಅಳೆಯಿರಿ. ಹೃದಯ ಸೋತವರಲ್ಲಿ ಈ ಚಕ್ರ ಸಾಮಾನ್ಯವಾಗಿ 45ರಿಂದ 90 ಸೆಕೆಂಡ್. ರಕ್ತದ ಓಟ ನಿಧಾನವಾಗಿ, ಶ್ವಾಸಕೋಶದ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುವುದು ಇಷ್ಟು ಉದ್ದಕ್ಕೆ ಒಂದು ಕಾರಣ. ಪಾರ್ಶ್ವವಾಯು ಆದವರಲ್ಲೂ ಈ ಉಸಿರಾಟ ಬರುತ್ತದೆ. ಎತ್ತರದ ಬೆಟ್ಟಪ್ರದೇಶಕ್ಕೆ ಹೋದ ಆರೋಗ್ಯವಂತರಲ್ಲೂ ಹೀಗೇ ನಿಂತು ಬರುವುದುಂಟು, ಚಕ್ರ ಮಾತ್ರ ಇದಕ್ಕಿಂತ ಗಿಡ್ಡ.

*ಸೆಂಟ್ರಲ್, ಲಯವಿಲ್ಲದ ಬಗೆ.* ಮಾರ್ಫಿನ್‌ನಂಥ ಓಪಿಯಾಯ್ಡ್ ನೋವುಶಾಮಕ ತೆಗೆದುಕೊಳ್ಳುವವರಲ್ಲಿ ಉಸಿರು ನಿಧಾನವಾಗಿ, ಒಂದು ಆಳ, ಒಂದು ತೆಳು, ನಡುವೆ ಅಡ್ಡಾದಿಡ್ಡಿ ಬಿಡುವು ಎಂಬಂತೆ ಇರುತ್ತದೆ. ಎಣಿಸಲು ಹೋದರೆ ತಾಳವೇ ಸಿಗುವುದಿಲ್ಲ. ಈ ಬಗೆ ಕೇಳಿದರೆ ಮೂರು ರಾತ್ರಿ ಕಾಯಬೇಡಿ, ಔಷಧ ಬರೆದ ವೈದ್ಯರಿಗೆ ಅದೇ ದಿನ ತಿಳಿಸಿ.

*ಮಿಶ್ರ.* ಮೊದಲ ಕೆಲವು ಸೆಕೆಂಡ್ ಪಟ್ಟಿಗಳು ಅಲುಗುವುದಿಲ್ಲ, ಆಮೇಲೆ ಎಳೆದಾಟ ಶುರುವಾಗಿ ಗುಟುರಿನಲ್ಲಿ ಮುಗಿಯುತ್ತದೆ. ಸದ್ದಿನಿಂದ ಮಾತ್ರ ನೋಡಿದರೆ ಇದಕ್ಕೂ ಅಡಚಣೆಯದಕ್ಕೂ ವ್ಯತ್ಯಾಸವಿಲ್ಲ.

*ಹೈಪಾಪ್ನಿಯಾ.* ಗೊರಕೆ ನಿಲ್ಲದೆ ತೆಳುವಾಗಿ, ಅರ್ಧ ನಿಮಿಷಕ್ಕೆ ಮತ್ತೆ ಜೋರಾಗುತ್ತದೆ. ಸದ್ದಿನಿಂದ ಇದನ್ನು ಖಚಿತವಾಗಿ ಹಿಡಿಯಲಾಗದು, ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ.

ನೆನಪಿಡಿ, ಗೊರಕೆ ಇದ್ದ ಮಾತ್ರಕ್ಕೆ ಸೆಂಟ್ರಲ್ ಅಲ್ಲ ಎನ್ನಲಾಗದು. ಚೇನ್-ಸ್ಟೋಕ್ಸ್ ಉಸಿರು ತುದಿ ಮುಟ್ಟಿದಾಗ ಗೊರಕೆ ಕೇಳಿಸುವುದುಂಟು. ಒಬ್ಬರಲ್ಲೇ ಎರಡೂ ಬಗೆ ಇರುವುದೂ ಅಪರೂಪವಲ್ಲ.

ಹಂತ 6: ಆಪ್ನಿಯಾದಂತೆ ಕೇಳಿಸುವ ಬೇರೆ ಸದ್ದುಗಳು

ಉಸಿರು ಬಿಡುವಾಗ ಶಿಳ್ಳೆಯಂತೆ ಸುಯ್ಯೆಂದರೆ ಅದು ಶ್ವಾಸನಾಳದ ಸದ್ದು, ಅಸ್ತಮಾದ ಕಡೆ ನೋಡಬೇಕು. ಆಳವಾಗಿ ಉಸಿರೆಳೆದು, ಬಿಡುವಾಗ ದೀರ್ಘವಾಗಿ ನರಳಿದಂತೆ ಸದ್ದು ಬಂದರೆ ಅದು ಕ್ಯಾಟಥ್ರೀನಿಯಾ ಇರಬಹುದು. ಯಂತ್ರದ ಗ್ರಾಫಿನಲ್ಲಿಯೂ ಅದು ಸೆಂಟ್ರಲ್‌ನಂತೆ ಕಂಡು ನಮ್ಮನ್ನೇ ಎಡವಿಸುತ್ತದೆ. ರೆಕಾರ್ಡಿಂಗ್ ಇದ್ದರೆ ಆ ಗೊಂದಲ ಒಂದು ನಿಮಿಷದಲ್ಲಿ ಬಗೆಹರಿಯುತ್ತದೆ.

ಮೂರನೆಯದನ್ನು ಹಗುರವಾಗಿ ಕಾಣಬೇಡಿ: ಉಸಿರು ಎಳೆಯುವಾಗ ಎತ್ತರದ ದನಿಯ, ಕೀರಲು ಸದ್ದು. ಅದನ್ನು ಸ್ಟ್ರೈಡರ್ ಎನ್ನುತ್ತಾರೆ. ಧ್ವನಿತಂತುಗಳ ಮಟ್ಟದಲ್ಲಿ ದಾರಿ ಕಿರಿದಾಗಿದೆ ಎಂಬುದರ ಗುರುತು. ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ ಎಂಬ ನರರೋಗದಲ್ಲಿ ರಾತ್ರಿ ಇದು ಕೇಳಿಬರುತ್ತದೆ. ಗೊರಕೆಗಿಂತ ಸಣ್ಣ ಸದ್ದು, ಅಪಾಯ ದೊಡ್ಡದು.

ಹಂತ 7: ಎಣಿಕೆ, ಆದರೆ ಅಂಕಿಯನ್ನು ನಂಬಿ ಕೂರಬೇಡಿ

ಗಂಟೆಗೆ ಎಷ್ಟು ಆಪ್ನಿಯಾ ಮತ್ತು ಹೈಪಾಪ್ನಿಯಾ ಎಂಬುದೇ ಎಎಚ್‌ಐ. ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಸಾಮಾನ್ಯ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ನೀವು ಎಣಿಸಿದ್ದು ಎಎಚ್‌ಐ ಅಲ್ಲ. ಹೈಪಾಪ್ನಿಯಾಗಳು ನಿಮಗೆ ಸಿಕ್ಕಿಲ್ಲ, ನಿಜವಾಗಿ ಎಷ್ಟು ಗಂಟೆ ನಿದ್ದೆಯಿತ್ತು ಎಂಬುದೂ ಗೊತ್ತಿಲ್ಲ. ‘ನಡುರಾತ್ರಿಯ ಒಂದು ಗಂಟೆಯಲ್ಲಿ 10 ಸೆಕೆಂಡ್ ಮೀರಿದ ನಿಲುಗಡೆ 18, ಅತಿ ಉದ್ದದ್ದು 34 ಸೆಕೆಂಡ್’ ಎಂದು ಬರೆದರೆ ಸಾಕು.

ಆಕ್ಸಿಮೀಟರ್ ಇದ್ದವರಿಗೆ: ಬೆರಳಿನಲ್ಲಿ ಅಂಕಿ ಇಳಿಯುವುದು ಉಸಿರು ನಿಂತಾಗಲೇ ಅಲ್ಲ, ಹಲವು ಸೆಕೆಂಡ್ ತಡವಾಗಿ. ಎಷ್ಟೋ ಸಲ ಗುಟುರು ಹಾಕಿ ಉಸಿರಾಡುತ್ತಿರುವಾಗ ಅಂಕಿ ತಳ ಮುಟ್ಟಿರುತ್ತದೆ. ಅದನ್ನು ನೋಡಿ "ಉಸಿರಾಡುವಾಗಲೇ ಇಳಿಯುತ್ತಿದೆ" ಎಂದು ಬರೆದುಕೊಂಡು ಬರುತ್ತಾರೆ. ಉಗುರುಬಣ್ಣ, ತಣ್ಣಗಾದ ಬೆರಳು ಇವೂ ಅಂಕಿಯನ್ನು ಕೆಡಿಸುತ್ತವೆ.

ಮತ್ತೆ ಮತ್ತೆ ಆಗುವ ತಪ್ಪುಗಳು

ಗೊರಕೆಯ ಜೋರಿನಿಂದ ಕಾಯಿಲೆಯ ತೀವ್ರತೆ ಅಳೆಯುವುದು ಮೊದಲನೆಯದು. ಒಂದೇ ಮಟ್ಟದಲ್ಲಿ ಬೆಳಗಿನವರೆಗೆ ಎಡೆಬಿಡದೆ ಬರುವ ದೊಡ್ಡ ಗೊರಕೆಗಿಂತ, ನಿಂತು ನಿಂತು ಬರುವ ಸಣ್ಣ ಗೊರಕೆ ಹೆಚ್ಚು ಚಿಂತೆಯದು. ಎರಡನೆಯದು, ಅತಿ ಭಯಂಕರವಾದ ಒಂದೇ ತುಣುಕು ಕತ್ತರಿಸಿ ತರುವುದು. ಅದರ ಆಚೆ ಈಚೆ ಇಲ್ಲದೆ ಏನೂ ಹೇಳಲಾಗದು.

ಮೂರನೆಯದು ಎಲ್ಲಕ್ಕಿಂತ ದುಬಾರಿ: ಬಗೆಯನ್ನು ತಾವೇ ತೀರ್ಮಾನಿಸಿ ಯಂತ್ರ ಕೊಳ್ಳುವುದು. ಸಿಪ್ಯಾಪ್ ಗಂಟಲನ್ನು ಗಾಳಿಯ ಒತ್ತಡದಿಂದ ತೆರೆದಿಡುತ್ತದೆ, ಅಡಚಣೆಗೆ ಅದು ಒಳ್ಳೆಯ ಮದ್ದು. ಆದರೆ ಕೆಲವರಲ್ಲಿ ಸಿಪ್ಯಾಪ್ ಶುರುವಾದ ಮೇಲೆಯೇ ಸೆಂಟ್ರಲ್ ನಿಲುಗಡೆಗಳು ತಲೆಯೆತ್ತುತ್ತವೆ. ಸೆಂಟ್ರಲ್‌ಗೆಂದು ಬಳಸುವ ಎಎಸ್‌ವಿ ಯಂತ್ರದ (ಒಂದೊಂದು ಉಸಿರಿಗೂ ಗಾಳಿಯ ಒತ್ತಡವನ್ನು ತಾನೇ ಹೊಂದಿಸುವ ಯಂತ್ರ) ವಿಷಯ ಇನ್ನೂ ಸೂಕ್ಷ್ಮ. ಹೃದಯದ ಇಜೆಕ್ಷನ್ ಫ್ರ್ಯಾಕ್ಷನ್ (ತುಂಬಿಕೊಂಡ ರಕ್ತದಲ್ಲಿ ಹೃದಯ ಒಂದು ಬಡಿತಕ್ಕೆ ಹೊರದೂಡುವ ಪಾಲು) ಶೇಕಡ 45 ಅಥವಾ ಅದಕ್ಕಿಂತ ಕಡಿಮೆಯಿದ್ದು, ಮುಖ್ಯವಾಗಿ ಸೆಂಟ್ರಲ್ ಆಪ್ನಿಯಾ ಇದ್ದವರ ಮೇಲೆ ನಡೆದ ಸರ್ವ್-ಎಚ್‌ಎಫ್ ಅಧ್ಯಯನ 2015ರಲ್ಲಿ ಹೊರಬಂತು. ಎಎಸ್‌ವಿ ಬಳಸಿದ ಗುಂಪಿನಲ್ಲಿ ಹೃದಯ ಸಂಬಂಧಿ ಸಾವು ಹೆಚ್ಚಾಗಿತ್ತು. ಬಗೆ ತಪ್ಪಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು.

ನಾಲ್ಕನೆಯದು, ರೆಕಾರ್ಡಿಂಗಿನಲ್ಲಿ ಏನೂ ಸಿಗಲಿಲ್ಲವೆಂದು ನಿಶ್ಚಿಂತರಾಗುವುದು. ಹಗಲು ತೂಕಡಿಕೆ, ಬೆಳಗಿನ ತಲೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಇದ್ದರೆ ಫೈಲ್ ಖಾಲಿಯಿದ್ದರೂ ಪರೀಕ್ಷೆ ಬೇಕು.

ಕಾಯಬಾರದ ಗುರುತುಗಳು

ತುಟಿ, ಮುಖ ನೀಲಿಯಾದರೆ, ಉಸಿರು ಮರಳದಿದ್ದರೆ ರೆಕಾರ್ಡಿಂಗ್ ಮರೆತು ತಕ್ಷಣ ಎಬ್ಬಿಸಿ. ಏಳದಿದ್ದರೆ ಆ್ಯಂಬುಲೆನ್ಸ್ ಕರೆಯಿರಿ. ಓಪಿಯಾಯ್ಡ್ ಅಥವಾ ನಿದ್ದೆ ಮಾತ್ರೆ ತೆಗೆದುಕೊಂಡವರು ಅಲುಗಿಸಿದರೂ ಏಳದಿದ್ದರೆ ಒಂದು ನಿಮಿಷವೂ ತಡಮಾಡಬೇಡಿ.

ಏರಿಳಿತದ ಉಸಿರಿನ ಜೊತೆಗೆ ಕಾಲು ಊತ, ಚಪ್ಪಟೆ ಮಲಗಿದರೆ ಉಬ್ಬಸ, ನಡುರಾತ್ರಿ ಎದ್ದು ಕೂರುವುದು ಇದ್ದರೆ ಹೃದಯದ ವೈದ್ಯರನ್ನು ಬೇಗ ಕಾಣಿ. ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು ಹೊಸದಾಗಿ ಕಂಡರೆ ಅದು ತುರ್ತು. ವಾಹನ ಓಡಿಸುವಾಗ ಒಮ್ಮೆ ಕಣ್ಣು ಮುಚ್ಚಿದ್ದರೂ ಪರೀಕ್ಷೆಯಾಗುವವರೆಗೆ ಸ್ಟಿಯರಿಂಗ್ ಮುಟ್ಟುವುದು ಬೇಡ.

ಮಕ್ಕಳಿಗೆ 10 ಸೆಕೆಂಡಿನ ಅಳತೆಯಿಲ್ಲ. ಎರಡು ಉಸಿರಿನಷ್ಟು ಹೊತ್ತು ತಪ್ಪಿದರೂ ಲೆಕ್ಕಕ್ಕೆ ಬರುತ್ತದೆ. ಬಾಯಿ ತೆರೆದು, ಕತ್ತು ಹಿಂದಕ್ಕೆ ಚಾಚಿ ಮಲಗುವ, ಪಕ್ಕೆಲುಬು ಒಳಕ್ಕೆ ಎಳೆಯುವ ಮಗುವಿನ ಟಾನ್ಸಿಲ್, ಮೂಗಿನ ಹಿಂಬದಿಯ ಅಡಿನಾಯ್ಡ್ ನೋಡಿಸಬೇಕು. ಹಸುಗೂಸಿನ ಉಸಿರು 20 ಸೆಕೆಂಡ್ ನಿಂತರೆ, ಅಥವಾ ಅದಕ್ಕಿಂತ ಕಡಿಮೆ ನಿಂತರೂ ಮೈ ಬಣ್ಣ ಬದಲಾದರೆ, ಅದು ಆಸ್ಪತ್ರೆಯ ವಿಷಯ.

ಹಂತ 8: ವೈದ್ಯರ ಕೈಗೆ ಏನು ಕೊಡಬೇಕು

ಏಳು ಗಂಟೆಯ ಫೈಲನ್ನು ಯಾರೂ ಕೇಳುವುದಿಲ್ಲ. ಮೂರು ತುಣುಕು ಮಾಡಿ, ಒಂದೊಂದೂ ಮೂರು ನಿಮಿಷ, ನಿಲುಗಡೆಗಳು ನಡುವೆ ಬರುವಂತೆ. ಒಂದು ಅಂಗಾತ ಮಲಗಿದಾಗಿನದು, ಒಂದು ಮಗ್ಗುಲಾಗಿದ್ದಾಗಿನದು, ಒಂದು ಬೆಳಗಿನ ಜಾವದ್ದು. ಎದೆ ಹೊಟ್ಟೆಯ ಪಟ್ಟಿ ಕಾಣುವ ಒಂದು ವಿಡಿಯೊ. ಮೂರು ಕಾಲಂನ ನಿಮ್ಮ ಪುಟ. ಔಷಧಗಳ ಪಟ್ಟಿ, ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದರೆ ಅದರ ಕಾಗದ. ಸದ್ಯದಲ್ಲೇ ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರಿಗೂ ಇದರ ಒಂದು ಪ್ರತಿ.

ಮೂಲ ಫೈಲ್ ಅಳಿಸಬೇಡಿ. ಲ್ಯಾಬಿನಲ್ಲಿ ಕಳೆದ ರಾತ್ರಿ ಮನೆಯ ರಾತ್ರಿಯಂತಿರದೆ ಹೋಗಬಹುದು, ಹೊಸ ಜಾಗ, ಮೈತುಂಬ ವೈರು. ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅದೇ ಬೇಕಾಗುತ್ತದೆ.